ಯೋಧರ ಸಮಾಧಿಗೆ ಹೂವಿಡುವ ದಿನ

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಮೇ ತಿಂಗಳ ಕೊನೆಯ ಸೋಮವಾರ ಯೋಧರ ಸಮಾಧಿಗಳ ಮೇಲೆ ಹೂವು ಮತ್ತು ಪುಟ್ಟ ಧ್ವಜಗಳನ್ನು ಇಟ್ಟಿದ್ದನ್ನು ಕಂಡೆ. ಈ ‘ಮೆಮೋರಿಯಲ್ ಡೇ’ ಸಣ್ಣ ಊರೊಂದರಲ್ಲಿ ಆರಂಭವಾಯಿತೆಂಬುದು ನಿಜವೇ? ಯುದ್ಧದಿಂದ ಮರಳಿ ಬಂದವರಿಗೆ ಅಂಥ ಊರುಗಳಲ್ಲಿ ಯಾವ ಗೌರವ ಸಿಗುತ್ತಿತ್ತು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಕೇಳಿದ ಊರು ನ್ಯೂಯಾರ್ಕ್ ರಾಜ್ಯದ ಸೆನೆಕಾ ಕೌಂಟಿಯಲ್ಲಿರುವ ವಾಟರ್‌ಲೂ. ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ನಡೆದು ಆರು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಬಲಿ ತೆಗೆದುಕೊಂಡ ಅಂತರ್ಯುದ್ಧ 1865ರಲ್ಲಿ ಮುಗಿದಾಗ, ಬದುಕಿ ಬಂದವರನ್ನು ಹೊಗಳುವ ಭರದಲ್ಲಿ ಸತ್ತವರನ್ನು ಮರೆಯಬಾರದು, ಅವರ ಸಮಾಧಿಗಳಿಗೆ ಹೂವಿಡಬೇಕು ಎಂದು ಅಲ್ಲಿನ ಔಷಧ ವ್ಯಾಪಾರಿ ಹೆನ್ರಿ ವೆಲ್ಸ್ ಸೂಚಿಸಿದರು. ಮರುವರ್ಷ ಈ ಮಾತನ್ನು ಕೈಗೆತ್ತಿಕೊಂಡವರು ಸ್ವತಃ ಯುದ್ಧದಲ್ಲಿ ಹೋರಾಡಿದ್ದ, ಕೌಂಟಿಯ ಗುಮಾಸ್ತರಾಗಿದ್ದ ಜನರಲ್ ಜಾನ್ ಮರ್ರೆ. ಊರಿನವರು ಹೇಳಿಕೊಂಡು ಬಂದಿರುವಂತೆ, 1866ರ ಮೇ 5ರಂದು ಧ್ವಜಗಳನ್ನು ಅರ್ಧಕ್ಕೆ ಇಳಿಸಿ, ಬೀದಿಗಳನ್ನು ಹಸಿರು ತೋರಣ ಮತ್ತು ಶೋಕದ ಕಪ್ಪು ಬಟ್ಟೆಗಳಿಂದ ಸಿಂಗರಿಸಲಾಯಿತು. ಮರ್ರೆಯವರ ಮುಂದಾಳುತನದಲ್ಲಿ ಮಾಜಿ ಸೈನಿಕರೂ ಊರಿನ ಜನರೂ ವಾದ್ಯಗಳೊಂದಿಗೆ ಮೂರು ಸ್ಮಶಾನಗಳಿಗೆ ಮೆರವಣಿಗೆಯಲ್ಲಿ ನಡೆದು ಸಮಾಧಿಗಳನ್ನು ಅಲಂಕರಿಸಿದರು.

1966ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಈ ಊರನ್ನೇ ಆಚರಣೆಯ ಜನ್ಮಸ್ಥಳವೆಂದು ಘೋಷಿಸಿದರು. ಆದರೆ ವಾಟರ್‌ಲೂವಿನ ಮೊದಲ ಆಚರಣೆ 1868ರದೆಂದು ವಾದಿಸುವ ಸಂಶೋಧಕರಿದ್ದಾರೆ, ಇದೇ ಹಕ್ಕನ್ನು ಮಂಡಿಸುವ ಬೇರೆ ಊರುಗಳೂ ಇವೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ನೆನೆಯಬೇಕಾದದ್ದು ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ನಗರವನ್ನು. ಅಲ್ಲಿನ ಕುದುರೆ ಪಂದ್ಯದ ಮೈದಾನದಲ್ಲಿ ಸೆರೆಯಾಳುಗಳಾಗಿ ಸತ್ತ ಉತ್ತರದ ಸೈನಿಕರನ್ನು ಗುಂಡಿಗಳಲ್ಲಿ ಹೂಳಲಾಗಿತ್ತು. ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾದ ಕಪ್ಪು ಜನರು ಆ ದೇಹಗಳನ್ನು ಗೌರವದಿಂದ ಮರುಸಮಾಧಿ ಮಾಡಿ, ಸುತ್ತ ಬೇಲಿ ಕಟ್ಟಿ, 1865ರ ಮೇ 1ರಂದು ಸಾವಿರಾರು ಸಂಖ್ಯೆಯಲ್ಲಿ ಸೇರಿ ಹೂವು ಅರ್ಪಿಸಿದರು.

ಸರ್ಕಾರ ಬಂದದ್ದು ಇವೆಲ್ಲ ಆದ ಮೇಲೆ. ಮಾಜಿ ಸೈನಿಕರ ಸಂಘವಾದ ‘ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್‌’ನ ಮುಖ್ಯಸ್ಥ ಜಾನ್ ಲೋಗನ್ 1868ರ ಮೇ 30ರಂದು ಎಲ್ಲೆಡೆ ಸಮಾಧಿಗಳನ್ನು ಅಲಂಕರಿಸಬೇಕೆಂದು ಕರೆ ಕೊಟ್ಟರು, 1873ರಲ್ಲಿ ನ್ಯೂಯಾರ್ಕ್ ರಾಜ್ಯ ಅದಕ್ಕೆ ಅಧಿಕೃತ ರಜೆ ನೀಡಿತು, ಕೊನೆಯ ಸೋಮವಾರಕ್ಕೆ ಬದಲಾದದ್ದು 1971ರಲ್ಲಿ.

ಇನ್ನು ಮರಳಿ ಬಂದವರ ವಿಷಯ. ಲೋಗನ್ನರ ಸಂಘದ ಶಾಖೆಗಳು ಸಣ್ಣಪುಟ್ಟ ಊರುಗಳಲ್ಲೂ ಇದ್ದವು, 1890ರ ಹೊತ್ತಿಗೆ ಸದಸ್ಯರ ಸಂಖ್ಯೆ 4 ಲಕ್ಷ ದಾಟಿತ್ತು. ಕಷ್ಟಕ್ಕೆ ಸಿಲುಕಿದ ಸಂಗಾತಿಗಳಿಗೂ ಸತ್ತವರ ಹೆಂಡತಿ ಮಕ್ಕಳಿಗೂ ನೆರವಾಗುವುದು, ಪಿಂಚಣಿಗಾಗಿ ಒತ್ತಾಯಿಸುವುದು ಸಂಘದ ಕೆಲಸವಾಗಿತ್ತು. ಮೆರವಣಿಗೆ ವರ್ಷಕ್ಕೊಮ್ಮೆ, ಕೈ ಕಾಲು ಕಳೆದುಕೊಂಡವರಿಗೆ ಈ ನೆರವೇ ದೊಡ್ಡ ಗೌರವವಾಗಿತ್ತೆಂದು ನಾನು ನಂಬುತ್ತೇನೆ.

ಚಂದಾ ಎತ್ತಿ ನಿಲ್ಲಿಸಿದ ಸ್ಮಾರಕಗಳೂ ಅನೇಕ. ಬಂದೂಕದ ಬುಡವನ್ನು ನೆಲಕ್ಕೂರಿ, ಎರಡೂ ಕೈಗಳಿಂದ ಅದರ ನಳಿಗೆಯನ್ನು ಹಿಡಿದು ನಿಂತ ಸಾಮಾನ್ಯ ಸಿಪಾಯಿಯ ಪ್ರತಿಮೆಯನ್ನು ನೀವೂ ನೋಡಿರಬಹುದು. ಕನೆಕ್ಟಿಕಟ್‌ನ ಮಾನ್ಯುಮೆಂಟಲ್ ಬ್ರಾಂಜ್ ಕಂಪನಿ ಇಂಥವನ್ನು ಸತುವಿನಲ್ಲಿ ಎರಕ ಹೊಯ್ದು ಕಂಚಿಗಿಂತ ಅಗ್ಗವಾಗಿ ಮಾರುತ್ತಿದ್ದುದರಿಂದ ಸಣ್ಣ ಊರುಗಳೂ ಕೊಳ್ಳಬಹುದಾಗಿತ್ತು. ಅದೇ ಪ್ರತಿಮೆಯನ್ನು, ಸೊಂಟಪಟ್ಟಿಯ ಮೇಲಿನ ಅಕ್ಷರಗಳಂಥ ಸಣ್ಣ ಬದಲಾವಣೆಗಳೊಂದಿಗೆ, ದಕ್ಷಿಣದ ಊರುಗಳೂ ಕೊಂಡವು.