ಬಾಗಿಲು ಹಾಕಿಕೊಂಡು ಕಿರುಚುವ ಮಗಳು

(ಯಾರೆಂದು ಗೊತ್ತಾಗದ ಹಾಗೆ ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ, ಹುಡುಗಿಯದೂ ಇದೆ.)

ಹುಡುಗಿಗೆ 17 ವರ್ಷ. ಬೆಂಗಳೂರು, ಸೆಕೆಂಡ್ ಪಿಯುಸಿ, ಸೈನ್ಸ್. ತಾಯಿ ಬಡಾವಣೆಯ ಭಜನಾ ಮಂಡಳಿಯಲ್ಲಿ ದಾಸರ ಪದ ಹಾಡುವವರು. ತಂದೆಗೆ ಕಾರ್ಖಾನೆಯಲ್ಲಿ ಕೆಲಸ, ಮಾತು ಕಡಿಮೆ. ಕೌನ್ಸೆಲಿಂಗಿಗೆ ಅಂತ ನನ್ನ ಹತ್ತಿರ ಬಂದ ತಾಯಿಯ ದೂರು ಏನಪ್ಪಾ ಅಂದರೆ, ಮಗಳು ರಾಕ್ ಸಂಗೀತ, ಅದರಲ್ಲೂ ಅಬ್ಬರದ ಮೆಟಲ್ ಹಿಂದೆ ಬಿದ್ದಿದ್ದಾಳೆ, ಯಾವಾಗ ನೋಡಿದರೂ ಕಪ್ಪು ಟೀಶರ್ಟು, ರೂಮಿನ ಬಾಗಿಲು ಹಾಕಿಕೊಂಡು ಕಿರುಚುತ್ತಾಳೆ, ಮಾತಾಡಿಸಿದರೆ ಉತ್ತರವಿಲ್ಲ.

ಆ ಕಿರುಚಾಟವನ್ನು ತಾಯಿ ಬಾಗಿಲ ಹೊರಗೆ ನಿಂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೇ ಬಂದಿದ್ದರು. ಹಾಕಿ ಕೇಳಿಸಿದರು. ಹೊಟ್ಟೆಯಿಂದ ಎದ್ದು ಬರುವ ಗುರುಗುಟ್ಟುವ ದನಿ, ನಡುವೆ ಪಕ್ಕದ ಮನೆಯ ಕುಕ್ಕರ್ ಸೀಟಿ. "ಇದು ನನ್ನ ಮಗಳ ಗಂಟಲೇ ಅಲ್ಲ ಮೇಡಂ" ಅಂದರು. ತಾಯತ ಕಟ್ಟಿಸಿ ಅಂತ ಯಾರೋ ನೆಂಟರು ಹೇಳಿದ್ದರಂತೆ. ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದರೆ ನಕ್ಕುಬಿಟ್ಟಳು. "ಅದು ಗ್ರೌಲಿಂಗ್ ಮ್ಯಾಮ್, ಮೆಟಲ್‌ನಲ್ಲಿ ಹಾಗೇ ಗುರುಗುಟ್ಟಿ ಹಾಡೋದು. ಪ್ರಾಕ್ಟೀಸ್ ಮಾಡ್ತಿದ್ದೆ. ಸ್ವಲ್ಪ ಹೊತ್ತಿಗೇ ಬೆವರು ಕಿತ್ಕೊಂಡು ಬರುತ್ತೆ."

ಇಂಥ ಕೇಸಿನಲ್ಲಿ ನಾನು ಹಾಡಿನ ಬಗ್ಗೆ ಮೊದಲು ಕೇಳುವುದೇ ಇಲ್ಲ. ನಿದ್ದೆ ಹೇಗಿದೆ, ಊಟ ಸೇರುತ್ತಾ, ಹಳೇ ಗೆಳತಿಯರು ಇನ್ನೂ ಇದ್ದಾರಾ, ಕೈ ಕೊಯ್ದುಕೊಳ್ಳುವ ಅಥವಾ ಸಾಯುವ ಯೋಚನೆ ಬಂದಿದೆಯಾ, ಕುಡಿತ ಸಿಗರೇಟು ಏನಾದರೂ ಇದೆಯಾ, ಇಷ್ಟನ್ನು ನೇರವಾಗಿಯೇ ಕೇಳುತ್ತೇನೆ. ಜೀವಕ್ಕೆ ಅಪಾಯ ಅನ್ನಿಸಿದರೆ ಅಪ್ಪ ಅಮ್ಮನಿಗೆ ಹೇಳುತ್ತೇನೆ, ಉಳಿದದ್ದು ನಮ್ಮಲ್ಲೇ ಇರುತ್ತೆ ಅಂತಲೂ ಮೊದಲೇ ಹೇಳಿರುತ್ತೇನೆ. ಇವಳಲ್ಲಿ ಅಂಥದ್ದೇನೂ ಕಾಣಲಿಲ್ಲ. ಒಂದೇ ಒಂದು ವಿಷಯ, ಮನೆಯವರ ಜೊತೆ ಊಟಕ್ಕೆ ಕೂರುವುದನ್ನು ನಿಲ್ಲಿಸಿದ್ದಳು. ಯಾವಾಗಿನಿಂದ? ಗಿಟಾರ್ ಹೋದ ದಿನದಿಂದ.

ತಾಯಿ ಈ ಗಿಟಾರ್ ವಿಷಯ ಹೇಳಿಯೇ ಇರಲಿಲ್ಲ ನೋಡಿ. ಮಿಡ್‌ಟರ್ಮ್‌ನಲ್ಲಿ ಫಿಸಿಕ್ಸ್ ಮಾರ್ಕ್ಸ್ ಕಡಿಮೆ ಬಂತು. ಅವಳು ಕಾಲೇಜಿಗೆ ಹೋಗಿದ್ದಾಗ ತಂದೆ ಗಿಟಾರನ್ನು ಕಾರಿಗೆ ಹಾಕಿಕೊಂಡು ಹೋಗಿ ತುಮಕೂರಿನ ಅಣ್ಣನ ಮನೆಯಲ್ಲಿ ಇಟ್ಟುಬಂದರು. ಒಂದು ಮಾತೂ ಹೇಳಲಿಲ್ಲ. ಸಂಜೆ ಬಂದು ನೋಡಿದರೆ ಸ್ಟ್ಯಾಂಡ್ ಖಾಲಿ. "ಕೇಳಿದ್ದಿದ್ರೆ ಎಕ್ಸಾಂ ಮುಗಿಯೋವರೆಗೆ ನಾನೇ ಅಟ್ಟಕ್ಕೆ ಹಾಕ್ತಿದ್ದೆ" ಅಂದಳು. ಅದನ್ನು ಅರ್ಧ ನಂಬಿದೆ. ಆದರೆ ಆ ಸಿಟ್ಟು ಪೂರ್ತಿ ನಿಜ.

ಇದರ ಕೆಳಗೆ ಇನ್ನೊಂದು ಹಳೇ ಕಥೆ ಇತ್ತು. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತು, ಜೂನಿಯರ್ ಪರೀಕ್ಷೆಗೆ ಕೂರಬೇಕು ಅನ್ನುವಾಗ ಬಿಟ್ಟಿದ್ದಳು. ಯಾಕೆ ಅಂತ ಕೇಳಿದೆ. "ನೆಂಟರು ಬಂದ್ರೆ ಒಂದು ಹಾಡು ಹೇಳಮ್ಮ ಅಂತಾರೆ. ಹಬ್ಬಕ್ಕೆ ಹಾಡು, ಆರತಿಗೆ ಹಾಡು. ಶ್ರುತಿ ಸೇರಲಿಲ್ಲ ಅಂತ ಅಲ್ಲೇ ಎಲ್ಲರ ಮುಂದೆ ಅಮ್ಮ ತಿದ್ದುತ್ತಾಳೆ. ಈ ಗ್ರೌಲಿಂಗ್ ಇದ್ಯಲ್ಲ, ಇದನ್ನ ಹಾಡಮ್ಮ ಅಂತ ಯಾರೂ ಕೇಳಲ್ಲ. ಅದೇ ಖುಷಿ ಮ್ಯಾಮ್."

ಅವಳ ಬಂಡಾಯ ಇಷ್ಟೇ. ದೇವರ ಮೇಲಲ್ಲ, ಸಮಾಜದ ಮೇಲೂ ಅಲ್ಲ. ಮನೆಯಲ್ಲಿ ಯಾರೂ ಕೈ ಹಾಕದ, ಯಾರೂ ತಿದ್ದದ ಒಂದು ವಸ್ತು ಬೇಕಿತ್ತು.

ತಾಯಿಗೆ ವಾಟ್ಸಾಪಿನಲ್ಲಿ ಬಂದ ಭಯಗಳು ಬೇರೆ ಇದ್ದವು. ಈ ಹಾಡುಗಳನ್ನು ಹಿಂದುಮುಂದಾಗಿ ಹಾಕಿದರೆ ಸಾಯಿ ಅನ್ನುವ ಸಂದೇಶ ಇರುತ್ತಂತೆ, ನಿಜವಾ? ಇದು ಹಳೇ ಪುಕಾರು. ಅಮೆರಿಕದ ನೆವಾಡಾದಲ್ಲಿ ಇಬ್ಬರು ಹುಡುಗರು ಗುಂಡು ಹಾರಿಸಿಕೊಂಡಾಗ ಮನೆಯವರು ಜೂಡಸ್ ಪ್ರೀಸ್ಟ್ ಅನ್ನುವ ಮೆಟಲ್ ಬ್ಯಾಂಡಿನ ಮೇಲೆ ಕೇಸು ಹಾಕಿದ್ದರು. ಹಾಡಿನಲ್ಲಿ ಗುಪ್ತ ಸಂದೇಶ ಇದೆ ಅನ್ನುವುದೇ ವಾದ. 1990ರಲ್ಲಿ ವಿಚಾರಣೆ ನಡೆದು ತೀರ್ಪು ಬ್ಯಾಂಡಿನ ಪರವಾಗಿ ಬಂತು. ಅದಕ್ಕೂ ಮೊದಲು, 1957ರಲ್ಲಿ, ರಾಕ್ ಗಾಯಕ ಎಲ್ವಿಸ್ ಪ್ರೆಸ್ಲಿ ಸೊಂಟ ಕುಣಿಸುತ್ತಾನೆ ಅಂತ ಟೀವಿಯಲ್ಲಿ ಅವನನ್ನು ಸೊಂಟದ ಮೇಲಷ್ಟೇ ತೋರಿಸಿದ್ದರು. ಅಷ್ಟು ದೂರ ಯಾಕೆ, 2007ರಲ್ಲಿ ನಮ್ಮ ಅರಮನೆ ಮೈದಾನಕ್ಕೆ ಐರನ್ ಮೇಡನ್ ಅನ್ನುವ ಮೆಟಲ್ ಬ್ಯಾಂಡ್ ಬಂದಾಗ, 2011ರಲ್ಲಿ ಅಂಥದ್ದೇ ಇನ್ನೊಂದು ಬ್ಯಾಂಡ್ ಮೆಟಾಲಿಕಾ ಬಂದಾಗ ತಲೆ ಕೊಡವಿ ಕುಣಿದ ಹುಡುಗರಲ್ಲಿ ಎಷ್ಟೋ ಜನ ಈಗ ಇಎಂಐ ಕಟ್ಟಿಕೊಂಡು ಮಕ್ಕಳ ಸ್ಕೂಲ್ ಫೀಸಿಗೆ ತಲೆ ಕೆಡಿಸಿಕೊಂಡಿದ್ದಾರೆ. ಇದನ್ನೆಲ್ಲ ಹೇಳಿದ ಮೇಲೆ ತಾಯಿ ಸ್ವಲ್ಪ ಸಡಿಲವಾದರು.

ಸಡಿಲವಾದದ್ದು ಜಾಸ್ತಿಯೇ ಆಯಿತು! ಮುಂದಿನ ಸಲ ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಅವಳ ಹಾಡುಗಳನ್ನೇ ಹಾಕಿಕೊಂಡು, "ನಂಗೂ ಇಷ್ಟ ಆಯ್ತು ಕಣೇ, ಈ ಕೊನೇ ಹಾಡು ತುಂಬಾ ಚೆನ್ನಾಗಿದೆ" ಅನ್ನತೊಡಗಿದ್ದರು. ಹುಡುಗಿ ಕೆಂಡಾಮಂಡಲ. ಈಗ ಎಷ್ಟೋ ಕಡೆ ಮಕ್ಕಳ ಜೊತೆ ಫ್ರೆಂಡ್ ಥರ ಇರಿ ಅಂತ ಹೇಳುತ್ತಾರಲ್ಲ, ನನಗೆ ಅದು ಅಷ್ಟೊಂದು ಹಿಡಿಸುವುದಿಲ್ಲ. ನಿಮಗೆ ಆ ಹಾಡು ಇಷ್ಟವಾಗಬೇಕಿಲ್ಲ, ಅದು ಅವಳದಾಗಿಯೇ ಇರಲಿ, ಅಂದೆ. "ನಂಗೆ ತಲೆನೋವು ಬರುತ್ತೆ, ಆದ್ರೆ ನೀನು ಹಾಡ್ಕೋ" ಅಂದರೆ ಸಾಕು. ಅವಳ ಬ್ಯಾಂಡಿನ ಕಾರ್ಯಕ್ರಮಕ್ಕೂ ಕರೆದರೆ ಹೋಗಿ, ಕರೆಯದಿದ್ದರೆ ಬೇಡ. ಬಾಗಿಲ ಹೊರಗೆ ನಿಂತು ರೆಕಾರ್ಡ್ ಮಾಡುವುದು ಅವತ್ತಿಗೇ ನಿಲ್ಲಬೇಕು.

ತಂದೆಗೆ ಹೇಳಿದ್ದು, ಗಿಟಾರ್ ವಾಪಸ್ ತನ್ನಿ, ನೀವೇ ಹೋಗಿ ತನ್ನಿ. ಇಷ್ಟು ಮಾರ್ಕ್ಸ್ ಬಂದರೆ ಕೊಡುತ್ತೇನೆ ಅನ್ನುವ ಷರತ್ತು ಬೇಡ. ಫಿಸಿಕ್ಸ್ ಬಗ್ಗೆ ಮಾತಾಡಬೇಕಾದರೆ ಫಿಸಿಕ್ಸ್ ಬಗ್ಗೆಯೇ ಮಾತಾಡಿ. ಅವರು ತುಂಬಾ ಹೊತ್ತು ಸುಮ್ನೆ ಕೂತಿದ್ದು, "ಪಕ್ಕದ ಮನೆಯವರು?" ಅಂದರು. ನ್ಯಾಯವಾದ ಪ್ರಶ್ನೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಅನ್ನುವುದೇ ಕಾನೂನು. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಗಿಟಾರ್, ರಾತ್ರಿ ಎಂಟರ ಮೇಲೆ ಗ್ರೌಲಿಂಗ್ ಇಲ್ಲ, ಆಂಪ್ (ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ) ಡ್ರಮ್ಸ್ ಎಲ್ಲಾ ಶನಿವಾರ ಜ್ಯಾಮ್ ರೂಮಿನಲ್ಲಿ, ಅಂದರೆ ಬ್ಯಾಂಡಿನವರು ಅಭ್ಯಾಸಕ್ಕೆ ಬಾಡಿಗೆಗೆ ಹಿಡಿಯುವ ಕೋಣೆಯಲ್ಲಿ ಅಂತ ಅಪ್ಪ ಮಗಳೇ ಕೂತು ತೀರ್ಮಾನ ಮಾಡಿಕೊಂಡರು.

ಹುಡುಗಿಗೂ ನಾನು ಮೆತ್ತಗೆ ಹೇಳಲಿಲ್ಲ. ಹೇಳದೆ ಗಿಟಾರ್ ಒಯ್ದದ್ದು ತಪ್ಪಾದರೆ ಹೇಳದೆ ರಾತ್ರಿ ಹತ್ತಕ್ಕೆ ಮನೆಗೆ ಬರುವುದೂ ತಪ್ಪೇ. ಜ್ಯಾಮ್ ರೂಮಿನ ವಿಳಾಸ, ಬ್ಯಾಂಡಿನವರ ಫೋನ್ ನಂಬರ್ ಮನೆಯಲ್ಲಿ ಇರಲಿ. ಯಾರ ಮಾತೂ ಬೇಡ ಅನ್ನುವವಳು ಬಾಡಿಗೆಯ ನಿನ್ನ ಪಾಲನ್ನಾದರೂ ನೀನೇ ಕೊಡಬೇಕಲ್ವಾ, ಅಂದೆ. ಸುಮ್ಮನಾದಳು. ಕಿವಿಯ ಬಗ್ಗೆಯೂ ಹೇಳಿದೆ. 85 ಡೆಸಿಬೆಲ್ ಶಬ್ದವನ್ನು ಕಿವಿ ಎಂಟು ಗಂಟೆ ತಡೆಯುತ್ತದೆ ಅಂತ ಲೆಕ್ಕ, 100 ಆದರೆ ಕಾಲು ಗಂಟೆ ಮಾತ್ರ. ಡ್ರಮ್ಸ್ ಪಕ್ಕ ನಿಂತಾಗ ಇಯರ್‌ಪ್ಲಗ್ ಬೇಕೇ ಬೇಕು. ಗಂಟಲು ಉರಿದರೆ, ದನಿ ಒಡೆದರೆ ಅವತ್ತಿಗೆ ನಿಲ್ಲಿಸಬೇಕು, ವಾರಗಟ್ಟಲೆ ಹಾಗೇ ಇದ್ದರೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಬೇಕು. ಸಂಗೀತ ಬಿಟ್ಟದ್ದರ ಬಗ್ಗೆ ಮಾತ್ರ ಇಬ್ಬರಿಗೂ ಏನೂ ಹೇಳಲಿಲ್ಲ. ಅದು ತಾಯಿ ಮಗಳ ಲೆಕ್ಕ, ಅವಸರವಿಲ್ಲ.

ಈಗ ಅಪಾರ್ಟ್‌ಮೆಂಟಿನ ಇಬ್ಬರು ಮಕ್ಕಳಿಗೆ ಗಣಿತ ಹೇಳಿಕೊಟ್ಟು ಜ್ಯಾಮ್ ರೂಮಿನ ದುಡ್ಡು ಹೊಂದಿಸುತ್ತಿದ್ದಾಳೆ. ಊಟಕ್ಕೆ ಕೂರುತ್ತಾಳೆ, ಮಾತು ಮಾತ್ರ ಇನ್ನೂ ಅಷ್ಟಕ್ಕಷ್ಟೇ. ತಂದೆ ಶನಿವಾರ ಕರೆದುಕೊಂಡು ಬರಲು ಹೋದರೆ ಕಾರನ್ನು ರಸ್ತೆಯ ಆ ತುದಿಯಲ್ಲೇ ನಿಲ್ಲಿಸಬೇಕಂತೆ, ಬ್ಯಾಂಡಿನವರಿಗೆ ಕಾಣಬಾರದಂತೆ. ಹೋದ ವಾರ ತಾಯಿ ಮತ್ತೆ ಫೋನ್ ಮಾಡಿದ್ದರು. ಮಗಳಿಗೆ 18 ತುಂಬಿದ ಮಾರನೇ ದಿನವೇ ಟ್ಯಾಟೂ ಹಾಕಿಸಿಕೊಳ್ಳಬೇಕಂತೆ.