ಮಾರ್ಫಿನ್ ಲೆಕ್ಕಕ್ಕೆ ಫೋನ್ ನಂಬಬಹುದಾ?

ಪ್ರಶ್ನೆ: ಕ್ಯಾನ್ಸರ್ ರೋಗಿಗಳ ಮನೆಗೆ ಹೋಗಿ ನೋಡಿಕೊಳ್ಳುವ ನರ್ಸ್ ನಾನು. ಅವರ ತೀವ್ರ ನೋವಿಗೆ ಕೊಡುವ ಮಾರ್ಫಿನ್ ಔಷಧಿಯ ಡೋಸ್ ಲೆಕ್ಕಕ್ಕೆ ಆ್ಯಪ್ ಬಳಸಬಹುದಾ ಅಕ್ಕಾ?

ಉತ್ತರ: ಬಳಸಮ್ಮ, ಆದರೆ ಕಾಗದದ ಮೇಲೂ ಒಮ್ಮೆ ಲೆಕ್ಕ ಹಾಕು. 4 ಗಂಟೆಗೊಮ್ಮೆ 10 ಮಿಲಿಗ್ರಾಂ ಮಾತ್ರೆ ಅಂದರೆ ದಿನಕ್ಕೆ 60. ಅದನ್ನೇ ಚರ್ಮದಡಿಯ ಇಂಜೆಕ್ಷನ್‌ಗೆ ಬದಲಿಸುವಾಗ ಕೆಲವು ಡೋಸ್ ಪಟ್ಟಿಗಳು ಅರ್ಧ ಮಾಡುತ್ತವೆ, ಕೆಲವು ಮೂರನೇ ಒಂದು ಭಾಗ. 30 ಎಲ್ಲಿ, 20 ಎಲ್ಲಿ! ಹಾಗಾಗಿ ನಿಮ್ಮ ಡಾಕ್ಟರ್ ಒಪ್ಪಿದ ಒಂದೇ ಆ್ಯಪ್ ಇಡೀ ತಂಡದ ಫೋನಲ್ಲಿರಲಿ. ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲೂ ಅದು ತೆರೆಯಬೇಕು, ಇದು ತುಂಬಾ ಮುಖ್ಯ.

ಒಮ್ಮೆ ಒಬ್ಬ ರೋಗಿ ಅಜ್ಜಿಯ ಮನೆ ಜಗಲಿ ಮೇಲೆ ಕೂತು ಫೋನಲ್ಲಿ ಲೆಕ್ಕ ಮಾಡುತ್ತಿದ್ದೆ. ಅಜ್ಜಿಯ ಮಗಳು ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು, "ನಿನ್ನೆಯಿಂದ ಅವ್ವನಿಗೆ ಉಚ್ಚೆ ಸರಿಯಾಗಿ ಆಗಿಲ್ಲಕ್ಕ, ಬರೀ ನಿದ್ದೆ" ಅಂದಳು. ಕಿಡ್ನಿ ಸೋತರೆ ಮಾರ್ಫಿನ್‌ನ ಅಂಶ ಮೈಯಲ್ಲೇ ಉಳಿಯುತ್ತದೆ, ಅಲ್ವಾ? ಆ್ಯಪ್ ಅದನ್ನು ಕೇಳಿರಲೇ ಇಲ್ಲ. ಮುಂದಿನ ಡೋಸ್ ಕೊಡುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿದೆ.

ಇನ್ನೊಂದು ಮಾತು. ಮನೆಗೆ ಹೋದ ತಕ್ಷಣ ಫೋನ್ ತೆಗೀಬೇಡ. ಮೊದಲು ರೋಗಿಯ ಕೈ ಹಿಡಿದು ಮಾತಾಡಿಸು.