ಎಲ್‌ಪಿಯಲ್ಲಿ ಹಿತ, ಸಿಡಿಯಲ್ಲಿ ಕರ್ಕಶ: ತಪ್ಪು ಡಿಜಿಟಲ್‌ನದ್ದಾ?

ಅದೇ ಆಲ್ಬಂ ಹಳೆಯ ವಿನೈಲ್ ತಟ್ಟೆಯಲ್ಲಿ, ಅಂದರೆ ಎಲ್‌ಪಿಯಲ್ಲಿ ಹಿತವಾಗಿದೆ, ರೀಮಾಸ್ಟರ್ ಆದ ಸಿಡಿಯಲ್ಲಿ ತಲೆನೋವು ಬರಿಸುತ್ತದೆ, ಡಿಜಿಟಲ್ ಅಂದ್ರೆ ಇಷ್ಟೇನಾ ಅಂತ ಕೇಳಿದ್ದೀರಿ. ಬಹುಪಾಲು ತಪ್ಪು, ಮಾರಾಟಕ್ಕೆ ಮುನ್ನ ದನಿ ಹದಗೊಳಿಸುವ ಕೊನೆಯ ಹಂತವಾದ ಮಾಸ್ಟರಿಂಗ್‌ನದ್ದು, ಅಂದರೆ ವ್ಯಾಪಾರದ್ದು.

16 ಬಿಟ್‌ನ ಸಿಡಿ, ಅತಿ ಮೆಲುದನಿಗೂ ಅತಿ ಜೋರುದನಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ ಹಿಡಿಯುತ್ತದೆ. ಎಲ್‌ಪಿಗೆ 70 ದಾಟುವುದೇ ಕಷ್ಟ. ಅಷ್ಟು ಜಾಗ ಇದ್ದರೂ 90ರ ದಶಕದಿಂದೀಚೆಗೆ ಕಂಪನಿಗಳು, ಪಕ್ಕದ ಹಾಡಿಗಿಂತ ನಮ್ಮದೇ ಜೋರಾಗಿ ಕೇಳಲಿ ಅಂತ ಲಿಮಿಟರ್ (ದನಿ ಒಂದು ಮಿತಿ ದಾಟದಂತೆ ತಡೆಯುವ ಸಾಧನ) ಹಾಕಿ ಡ್ರಮ್ ಏಟಿನ ತುದಿಯನ್ನೇ ಸವರಿ, ಉಳಿದದ್ದನ್ನೆಲ್ಲ ಏರಿಸಿಬಿಟ್ಟವು. 2008ರಲ್ಲಿ ಅಮೆರಿಕದ ರಾಕ್ ತಂಡ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಆಲ್ಬಂ ಬಂದಾಗ ಇದು ಬಯಲಾಯಿತು. ಸಿಡಿಯಲ್ಲಿ ದನಿ ಒಡೆಯುತ್ತಿತ್ತು. ಅವೇ ಹಾಡುಗಳು 'ಗಿಟಾರ್ ಹೀರೋ' ವಿಡಿಯೊ ಗೇಮ್‌ನಲ್ಲಿ ಅಷ್ಟು ಒತ್ತಡವಿಲ್ಲದೆ ಚೆನ್ನಾಗಿ ಕೇಳುತ್ತಿದ್ದವು. ಎರಡೂ ಡಿಜಿಟಲ್ಲೇ!

ಎಲ್‌ಪಿಯಲ್ಲಿ ಮನಬಂದಂತೆ ಜೋರು ಮಾಡಲು ಆಗುವುದಿಲ್ಲ. ಬೇಸ್ ಹೆಚ್ಚಿದಷ್ಟೂ ಗೆರೆ ಅಗಲವಾಗಿ, ಒಂದು ಬದಿಯಲ್ಲಿ 20 ನಿಮಿಷ ಹಿಡಿಸುವುದೂ ಕಷ್ಟವಾಗುತ್ತದೆ. ಎಡ-ಬಲದ ಬೇಸ್ ಬೇರೆಬೇರೆಯಾದರೆ ಮುಳ್ಳು ಗೆರೆಯಿಂದ ಜಿಗಿಯಬಹುದು, ಹಾಗಾಗಿ ಬೇಸನ್ನು ಮೋನೊ (ಎರಡೂ ಕಡೆ ಒಂದೇ) ಮಾಡುತ್ತಾರೆ. ಒಳಸುತ್ತಿನ ಗೆರೆಗಳಲ್ಲಿ 'ಸ', 'ಶ' ಬಿರುಸಾಗಿ ಸೀಳುತ್ತವೆ, ಅವನ್ನೂ ಮೊದಲೇ ತಗ್ಗಿಸಬೇಕು. ನಿಮಗೆ ಹಿತವೆನಿಸುವುದರಲ್ಲಿ ಈ ಕಟ್ಟುಪಾಡುಗಳ ಪಾಲು ದೊಡ್ಡದು. ಇವತ್ತು ಸಿಡಿಯ ಜೋರು ಮಾಸ್ಟರ್‌ನಿಂದಲೇ ಎಲ್‌ಪಿ ಕೊರೆದು ದುಬಾರಿ ಬೆಲೆಗೆ ಮಾರುವವರೂ ಇದ್ದಾರೆ; ಅದನ್ನು ಕೊಂಡರೆ ಕವರ್ ಚಿತ್ರವಷ್ಟೇ ಲಾಭ.

'ಶುದ್ಧ ಅನಲಾಗ್', ಅಂದರೆ ನಡುವೆ ಎಲ್ಲೂ ಡಿಜಿಟಲ್ ಇಲ್ಲ ಎಂಬ ಮಾತನ್ನೂ ಕಣ್ಣುಮುಚ್ಚಿ ನಂಬಬೇಡಿ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿ ಮೂಲ ಟೇಪ್‌ನಿಂದ ಎಲ್‌ಪಿ ಮಾಡುವುದಕ್ಕೇ ಹೆಸರುವಾಸಿ. ವರ್ಷಗಳಿಂದ ನಡುವೆ ಡಿಎಸ್‌ಡಿ ಎಂಬ ಡಿಜಿಟಲ್ ಹಂತ ಬಳಸುತ್ತಿದ್ದುದು 2022ರಲ್ಲಿ ಹೊರಬಿತ್ತು. ಅಲ್ಲಿಯವರೆಗೆ ಅವನ್ನು ಹಾಡಿ ಹೊಗಳಿದ್ದವರು ಕಟ್ಟಾ ಅನಲಾಗ್ ಅಭಿಮಾನಿಗಳೇ. ದನಿ ಕೆಟ್ಟಿರಲಿಲ್ಲ, ಮುಚ್ಚಿಟ್ಟಿದ್ದು ತಪ್ಪು.

ನೀವೇ ಪರೀಕ್ಷಿಸಿ. ಎಲ್‌ಪಿಯನ್ನು ಸಿಡಿ ಜೊತೆ ಹೋಲಿಸಬೇಡಿ, ಚಿಟಪಟ ಸದ್ದಿನಿಂದಲೇ ಗುರುತು ಸಿಗುತ್ತದೆ. ಎಲ್‌ಪಿಯನ್ನೇ 24 ಬಿಟ್, 96 ಕಿಲೊಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿ, ಅತಿ ಜೋರಿನ ಜಾಗ ರೆಕಾರ್ಡಿಂಗ್ ಮೀಟರ್ ಮೇಲೆ ಮೈನಸ್ 6 ಡೆಸಿಬೆಲ್ ದಾಟದಿರಲಿ. ಆಮೇಲೆ ಅದರ ಒಂದು ಪ್ರತಿಯನ್ನು ಸಿಡಿ ಮಟ್ಟಕ್ಕೆ, ಅಂದರೆ 16 ಬಿಟ್, 44.1 ಕಿಲೊಹರ್ಟ್ಸ್‌ಗೆ ಇಳಿಸಿ. ಎರಡನ್ನೂ ಕಂಪ್ಯೂಟರ್‌ನ ಮ್ಯೂಸಿಕ್ ಪ್ಲೇಯರ್ ಫೂಬಾರ್‌2000ನ ಎಬಿಎಕ್ಸ್ ಕಂಪ್ಯಾರೇಟರ್‌ಗೆ ಹಾಕಿ, ಯಾವುದು ಯಾವುದೆಂದು ನೋಡದೆ 16 ಸಲ ಊಹಿಸಿ. 12 ಅಥವಾ ಹೆಚ್ಚು ಸರಿಯಾದರೆ ಮಾತ್ರ ವ್ಯತ್ಯಾಸ ಕೇಳಿಸಿತು ಅನ್ನಬಹುದು. ಸಿಡಿ ಮಟ್ಟದ ಪ್ರತಿಯಲ್ಲೂ ಆ ಹಿತ ಹಾಗೇ ಉಳಿದಿದ್ದರೆ ಡಿಜಿಟಲ್ ನಿರ್ದೋಷಿ.

ಟರ್ನ್‌ಟೇಬಲ್ ತಂತಿಯನ್ನು ನೇರ ಕಂಪ್ಯೂಟರ್‌ಗೆ ಚುಚ್ಚಬೇಡಿ, ನಡುವೆ ಫೋನೊ ಪ್ರೀಆಂಪ್ ಬೇಕು (ಕೆಲವು ಟರ್ನ್‌ಟೇಬಲ್‌ಗಳ ಒಳಗೇ ಇರುತ್ತದೆ). ಎಲ್‌ಪಿ ಕೊರೆಯುವಾಗ ಬೇಸ್ ತಗ್ಗಿಸಿ, ಟ್ರೆಬಲ್ ಏರಿಸಿರುತ್ತಾರೆ. ಅದನ್ನು ಮತ್ತೆ ಸರಿದೂಗಿಸುವುದು ಈ ಪ್ರೀಆಂಪ್. ಅದಿಲ್ಲದೆ ರೆಕಾರ್ಡ್ ಮಾಡಿದರೆ ದನಿ ತಗಡಿನಂತೆ ಬರುತ್ತದೆ, ಆಗ ಮತ್ತೆ ಡಿಜಿಟಲ್ ಅನ್ನೇ ಬೈಯುತ್ತೀರಿ.